ಪಿಚ್ಚರಿಂದ ಬಂದ ಹೆಸರು

ಮದುವೆ ಪತ್ರಿಕೆಯ ಪ್ರೂಫ್ ನೋಡಿದವರು ಐದು ಜನ. ನಂಜುಂಡಪ್ಪನವರು ಮಗನ ಮೊಬೈಲಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡಿ ಮಾಡಿ ಓದಿದರು. ಅವರ ದೊಡ್ಡ ಮಗ ಯೋಗಾನಂದ ವಿಜಯನಗರದ ತನ್ನ ಪ್ಲೈವುಡ್ ಅಂಗಡಿಯಲ್ಲಿ ಗಿರಾಕಿಗಳ ನಡುವೆಯೇ ಓದಿ, ಮುಹೂರ್ತದ ವೇಳೆ ಸರಿಯಾಗಿದೆ ಎಂದ. ಸೊಸೆ ಲತಾ ತನ್ನ ತವರಿನವರ ಹೆಸರು ಬಿಟ್ಟುಹೋಗಿಲ್ಲ ಎಂದು ಎರಡು ಸಲ ನೋಡಿಕೊಂಡಳು. ಅವರಿಬ್ಬರ ಮಗಳು, ಮದುವೆಯ ಹುಡುಗಿ ದಿವ್ಯ, ವರನ ಡಿಗ್ರಿ ತಪ್ಪಾಗಿದ್ದುದನ್ನು ತಿದ್ದಿಸಿದಳು. ಅಜ್ಜಿ ಮುನಿಲಕ್ಷ್ಮಮ್ಮನಿಗೆ ಓದಲು ಬಾರದು. ಅವರಿಗೆ ದಿವ್ಯ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದಳು. ಯಾರಿಗೂ ಬೇರೆ ತಪ್ಪು ಕಾಣಲಿಲ್ಲ.

ತಪ್ಪು ಕಂಡದ್ದು ಮೋಹನ್ ಕುಮಾರನಿಗೆ. ಆ ಹೊತ್ತಿಗೆ ಎಂಟುನೂರು ಪತ್ರಿಕೆಗಳು ಅಚ್ಚಾಗಿ ಬಸವೇಶ್ವರನಗರದ ಮನೆಯ ದೇವರ ಕೋಣೆಯಲ್ಲಿ ಕೂತಿದ್ದವು.

ಮೋಹನ ಆ ಮನೆಯ ಚಿಕ್ಕ ಮಗ. ನಲವತ್ತೈದು ವರ್ಷ, ಮದುವೆಯಾಗಿಲ್ಲ. ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಮಾತು ಕಲಿತಾಗಿನಿಂದ ಉಗ್ಗು. ಆ ಭಾನುವಾರ ಬೆಳಿಗ್ಗೆ ಅವನು ಮಹಡಿಯ ಬಾಡಿಗೆಯವರ ನಲ್ಲಿ ಸರಿಮಾಡಿ ಕೆಳಗೆ ಬಂದು, ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಒಂದು ಪತ್ರಿಕೆ ತೆಗೆದ. ‘ಸುಖಾಗಮನವನ್ನು ಬಯಸುವವರು’ ಎಂಬಲ್ಲಿಗೆ ಬಂದು ನಿಂತ. ತಟ್ಟೆಯನ್ನು ನೆಲಕ್ಕಿಟ್ಟು ಮತ್ತೊಮ್ಮೆ ಓದಿದ.

“ಅಪ್ಪ, ಇದ್ಯಾರು?”

“ಯಾರೋ?”

“ಇಲ್ಲಿ. ಅಣ್ಣ ಅತ್ತಿಗೆ ಆದ್ಮೇಲೆ. ಶ್ರೀ ಬಬ್ಬಣ್ಣ.”

ನಂಜುಂಡಪ್ಪನವರು ಪತ್ರಿಕೆ ತೆಗೆದುಕೊಂಡು ನೋಡಿ ನಕ್ಕರು. “ನಾನೇ ಕಣೋ. ಫೋನಲ್ಲಿ ಪ್ರೆಸ್ಸಿನೋರಿಗೆ ಹೆಸರು ಹೇಳ್ತಾ ಇದ್ನಲ್ಲ, ಬಾಯಿಗೆ ಅದೇ ಬಂತು.”

ಅಡುಗೆಮನೆಯಿಂದ ಲತಾ ನಕ್ಕಳು. ದಿವ್ಯ ಬಾಯಿಗೆ ಕೈ ಅಡ್ಡ ಹಿಡಿದಳು. ಯೋಗಾನಂದ, “ಬಿಡೋ, ಹಂಗೇ ಇದ್ರೇನೇ ನೆಂಟ್ರಿಗೆ ಗೊತ್ತಾಗೋದು. ಮೋಹನ್ ಕುಮಾರ್ ಅಂತ ಹಾಕಿದ್ರೆ ಮೇಲ್ಗಡೆ ಬಾಡಿಗೆಗಿರೋನಾ ಅಂತ ಕೇಳ್ತಾರೆ” ಎಂದ.

ಮೋಹನ ನಗಲಿಲ್ಲ. “ಇದನ್ನ ಹಂಚೋದು ಬೇಡ. ಬೇರೆ ಮಾಡ್ಸಿ.”

ಬಬ್ಬಣ್ಣ ಒಂದು ಪಿಚ್ಚರಿನ ಆಳು. ಮೋಹನನಿಗೆ ಏಳು ವರ್ಷವಾಗಿದ್ದಾಗ ಬಂದ ಪಿಚ್ಚರ್. ಅದರಲ್ಲಿ ಬಬ್ಬಣ್ಣ ಉಗ್ಗುತ್ತಾನೆ, ಯಜಮಾನ ಕೊಡೆಯ ಹಿಡಿಯಿಂದ ಅವನ ತಲೆಗೆ ಕುಟ್ಟುತ್ತಾನೆ, ಥಿಯೇಟರು ನಗುತ್ತದೆ. ಕೊನೆಯಲ್ಲಿ ಬ್ರೇಕ್ ಕಿತ್ತುಹೋದ ಬಸ್ಸನ್ನು ಘಾಟಿಯಿಂದ ಇಳಿಸಿ ಶಾಲೆಯ ಮಕ್ಕಳನ್ನು ಉಳಿಸುವವನೂ ಅವನೇ. ಆಟ ಮುಗಿದು ಹೊರಗೆ ಬಂದಾಗ ನಂಜುಂಡಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು, “ಏನೋ ಬಬ್ಬಣ್ಣ, ಬೋಂಡ ತಿಂತೀಯಾ?” ಎಂದು ಕೇಳಿದ್ದರು. ಹುಡುಗ ತಿನ್ನುತ್ತೇನೆ ಎಂದಿದ್ದ. ಅಲ್ಲಿಂದ ಅದು ಅಮ್ಮನ ಬಾಯಿಗೆ ಬಂತು, ಬೀದಿಗೆ ಬಂತು, ನೆಂಟರ ಮನೆಗಳಿಗೆ ಹೋಯಿತು. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಬಾಡೂಟ ಮುಗಿದ ಮೇಲೆ ಎಲ್ಲರೂ ಕೂತು ಆ ಪಿಚ್ಚರ್ ನೋಡುವುದು ಮನೆಯ ವಾಡಿಕೆಯಾಯಿತು. ಮೊದಲು ಬಾಡಿಗೆ ಕ್ಯಾಸೆಟ್ಟು, ಆಮೇಲೆ ಸಿ.ಡಿ., ಈಗ ಯೂಟ್ಯೂಬು. ನೋಡಿದ ಮೇಲೆ ಮೋಹನ ಎದ್ದು ನಿಂತು ಮಾತುಗಳನ್ನೆಲ್ಲ ಹೇಳಬೇಕು. ಬಬ್ಬಣ್ಣನ ಮಾತು ಹೇಳುವಾಗ ಬಬ್ಬಣ್ಣ ಉಗ್ಗಿದ ಕಡೆ ಮಾತ್ರ ಉಗ್ಗುತ್ತಿದ್ದ. ಹೀರೋನ ಮಾತಿನಲ್ಲಿ ಅದೂ ಇರುತ್ತಿರಲಿಲ್ಲ.

“ಬೇರೆ ಮಾಡ್ಸೋ ಹಂಗಿಲ್ಲ” ಎಂದರು ಮುನಿಲಕ್ಷ್ಮಮ್ಮ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು. “ಶುಕ್ರವಾರ ಮೊದಲ್ನೇ ಪತ್ರಿಕೆ ಮನೆದೇವರ ಪಾದದಲ್ಲಿ ಇಟ್ಟು ಪೂಜೆ ಮಾಡ್ಸಿ ಆಯ್ತು. ಅದಾದ್ಮೇಲೆ ಇನ್ನೊಂದು ಅಚ್ಚು ಹಾಕ್ಸಿದ್ರೆ ಮೊದಲ್ನೇ ಮದ್ವೆ ಮುರಿದಂಗೆ ಲೆಕ್ಕ. ಮಗು ಮದ್ವೆ ಇದು.”

“ನನ್ನ ಹೆಸರು ಇಲ್ವಲ್ಲಮ್ಮ ಅದ್ರಲ್ಲಿ.”

“ಇದೆಯಲ್ಲೋ. ಶ್ರೀ ಅಂತ ಬೇರೆ ಹಾಕಿದಾರೆ.”

ಮೋಹನ ಎದ್ದು ತಟ್ಟೆ ತೊಳೆದಿಟ್ಟು ಬಂದ. ಬಾಗಿಲ ಬಳಿ ನಿಂತು, “ಇವತ್ತಿಂದ ಆ ಹೆಸರಲ್ಲಿ ಕರೆದ್ರೆ ನಾನು ಓ ಅನ್ನಲ್ಲ” ಎಂದ. ಇಷ್ಟು ಹೇಳಲು ಅವನಿಗೆ ತುಂಬ ಹೊತ್ತು ಹಿಡಿಯಿತು. ನಡುವೆ ಎರಡು ಸಲ ಯೋಗಾನಂದ ಅವನ ಪರವಾಗಿ ಮಾತು ಮುಗಿಸಲು ನೋಡಿದ.

ಅದನ್ನು ಯಾರೂ ನಂಬಲಿಲ್ಲ. ಬುಧವಾರ ಬೆಳಿಗ್ಗೆ ಮುನಿಲಕ್ಷ್ಮಮ್ಮ ಅಡುಗೆಮನೆಯಿಂದ, “ಬಬ್ಬಣ್ಣ, ಮೋಟಾರ್ ಆಫ್ ಮಾಡೋ” ಎಂದು ಕೂಗಿದರು. ಮೋಹನ ಹಜಾರದಲ್ಲಿ ಬೂಟಿನ ದಾರ ಕಟ್ಟುತ್ತಿದ್ದ. ಅವರು ಮತ್ತೆ ಕೂಗಿದರು. ಟ್ಯಾಂಕು ತುಂಬಿ, ನೀರು ಗೋಡೆಯ ಮೇಲಿಂದ ಇಳಿದು, ಬಾಡಿಗೆಯವರು ಒಣಹಾಕಿದ್ದ ಯೂನಿಫಾರಂಗಳ ಮೇಲೆ ಸುರಿಯಿತು. ಮೇಲಿನಿಂದ, “ಆಂಟಿ, ನಿಮ್ಮ ಟ್ಯಾಂಕು” ಎಂಬ ಕೂಗು ಬಂತು.

“ಕಿವಿ ಹೋಯ್ತೇನೋ ನಿಂಗೆ?” ಮುನಿಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದರು.

“ಕೇಳಿಸ್ತಮ್ಮ. ಯಾರನ್ನೋ ಕರೀತಾ ಇದ್ರಿ.”

“ನಲ್ವತ್ತೈದು ವರ್ಷಕ್ಕೆ ಹಠ.”

“ಚಿಕ್ಕೋನಾಗಿದ್ದಾಗ ಮಾಡ್ಲಿಲ್ವಲ್ಲ” ಎಂದು ಮೋಹನ ಸ್ವಿಚ್ ಆರಿಸಿ, ಊಟದ ಡಬ್ಬಿ ತೆಗೆದುಕೊಂಡು ಹೋದ.

ಅವನ ಕೆಲಸಗಳು ಎಷ್ಟು ಎಂದು ಆ ವಾರ ಮನೆಗೆ ಗೊತ್ತಾಯಿತು. ಗ್ಯಾಸ್ ಸಿಲಿಂಡರ್ ಬದಲಾಯಿಸುವವನು ಅವನು, ನಂಜುಂಡಪ್ಪನವರ ಬಿ.ಪಿ. ಮಾತ್ರೆ ತರುವವನು ಅವನು, ಬೀದಿನಾಯಿಗಳನ್ನು ಅಟ್ಟಿ ಕಸದ ಗಾಡಿಗೆ ಬಕೆಟ್ ಕೊಡುವವನೂ ಅವನೇ. ಕೇಳಿದರೆ ಮಾಡುತ್ತಿದ್ದ. ಆದರೆ ಕೇಳಲು ಹೆಸರು ಬೇಕಿತ್ತು. ಯೋಗಾನಂದ, “ಲೋ” ಎಂದು ಕರೆದು ಉಪಾಯ ಕಂಡುಕೊಂಡ. ನಂಜುಂಡಪ್ಪನವರು ಕರೆಯುವುದನ್ನೇ ಬಿಟ್ಟು, ಮಾತ್ರೆಯ ಖಾಲಿ ಶೀಟನ್ನು ಮಗನ ಡಬ್ಬಿಯ ಪಕ್ಕದಲ್ಲಿ ಇಡತೊಡಗಿದರು.

ಮೊದಲು ಹೆಸರು ಹೇಳಿದವಳು ಲತಾ. ಶುಕ್ರವಾರ ಸಂಜೆ ಬಸ್ಸಾರು ಕುದಿಯುವಾಗ ಗ್ಯಾಸ್ ಮುಗಿಯಿತು. ಅವಳು ಹಜಾರಕ್ಕೆ ಬಂದು ಸೆರಗಿನಲ್ಲಿ ಕೈ ಒರೆಸುತ್ತ ನಿಂತಳು.

“ಮೋಹನ್... ಸಿಲಿಂಡರ್ ಹಾಕ್ತೀಯಾ?”

ಅವನು ತಕ್ಷಣ ಎದ್ದ. ರೆಗ್ಯುಲೇಟರ್ ಹಾಕಿ, ಸೋಪಿನ ನೀರು ಸವರಿ, ಸೋರುತ್ತಿಲ್ಲ ಎಂದು ನೋಡುವವರೆಗೆ ಲತಾ ಅಲ್ಲೇ ನಿಂತಿದ್ದಳು.

“ನಾನು ಈ ಮನೆಗೆ ಬಂದ ದಿನ ಅತ್ತೆ, ಇವನು ಬಬ್ಬಣ್ಣ ಅಂದ್ರು. ಒಂದು ವರ್ಷ ಅದೇ ನಿನ್ನ ಹೆಸರು ಅಂದ್ಕೊಂಡಿದ್ದೆ. ನೀನಾದ್ರೂ ಹೇಳ್ಬಾರ್ದಿತ್ತಾ?”

“ಹೇಳೋಕೆ ಹೋದ್ರೆ ಮೊದ್ಲು ‘ಮ’ ದಾಟ್ಬೇಕು ಅತ್ತಿಗೆ. ಅದೇ ನಂಗೆ ಬರಲ್ಲ. ಹೆಸರೇನು ಅಂತ ಯಾರಾದ್ರೂ ಕೇಳಿದ್ರೆ ನಾನು ಬಾಯಿ ತೆಗೆಯೋಷ್ಟ್ರಲ್ಲಿ ಮನೇಲಿ ಯಾರಾದ್ರೊಬ್ರು ಬಬ್ಬಣ್ಣ ಅಂತ ಹೇಳ್ಬಿಡೋರು. ಕೆಲಸ ಮುಗೀತಿತ್ತು.”

ಲತಾ ಒಲೆ ಹಚ್ಚಿ ಬಸ್ಸಾರಿನ ಪಾತ್ರೆಯನ್ನು ಮತ್ತೆ ಇಟ್ಟಳು. ಆಮೇಲೆ, “ಇವತ್ತು ಮುದ್ದೆ ಎರಡು ತಿನ್ನು. ನಾಲ್ಕು ದಿನದಿಂದ ಒಂದೇ ತಿಂತಿದೀಯ” ಎಂದಳು.

ದಿವ್ಯಳಿಗೆ ಬೇರೆಯದೇ ಕಾಟ ಹಿಡಿದಿತ್ತು. ನಾಗರಬಾವಿಯ ಒಂದು ಶಾಲೆಯಲ್ಲಿ ಪಾಠ ಹೇಳುವ ಅವಳು, ಆರತಕ್ಷತೆಯ ದಿನ ಎಲ್‌ಇಡಿ ಪರದೆಯ ಮೇಲೆ ಆ ಪಿಚ್ಚರಿನ ತುಣುಕು ಹಾಕಿಸಿ, ಚಿಕ್ಕಪ್ಪನನ್ನು ವೇದಿಕೆಗೆ ಕರೆದು ಬಬ್ಬಣ್ಣನ ಮಾತು ಆಡಿಸಬೇಕೆಂದು ಸೋದರಸಂಬಂಧಿಗಳ ಜೊತೆ ಸೇರಿ ಗೊತ್ತುಮಾಡಿದ್ದಳು. ಈಗ ಅದನ್ನು ನಿಲ್ಲಿಸಿದಳು. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ಪಿಚ್ಚರ್ ಹಾಕಿ ಎಲ್ಲರನ್ನೂ ಕೂರಿಸಿದಳು.

“ಇವತ್ತು ಹೊಸತೊಡಕಲ್ವಲ್ಲೇ” ಎಂದರು ಅಜ್ಜಿ.

“ನಗದೇ ನೋಡಿ ಅಜ್ಜಿ, ಒಂದ್ಸಲ.”

ಕೊಡೆಯ ದೃಶ್ಯ ಬಂತು. ಯಜಮಾನ ಕುಟ್ಟಿದ. ಬಬ್ಬಣ್ಣ ತಲೆ ಹಿಡಿದುಕೊಂಡು, ಹೇಳಬೇಕಾದ ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡ. ಯೋಗಾನಂದನಿಗೆ ನಗು ಬಂತು, ಕೆಮ್ಮಿ ಮುಚ್ಚಿಕೊಂಡ. ದಿವ್ಯ ಅಲ್ಲಿಗೆ ನಿಲ್ಲಿಸಿದಳು.

“ನೋಡಿದ್ರಾ? ಒಬ್ಬ ಮನುಷ್ಯನಿಗೆ ಮಾತು ಬರಲ್ಲ, ಅದಕ್ಕೆ ಹೊಡೀತಾರೆ, ಅದು ಕಾಮಿಡಿ. ಇದನ್ನ ನಾವು ವರ್ಷಾ ವರ್ಷಾ ಕೂತ್ಕೊಂಡು ನೋಡಿದೀವಿ. ನಾಚಿಕೆ ಆಗ್ಬೇಕು. ಇನ್ಮೇಲೆ ಈ ಮನೇಲಿ ಈ ಪಿಚ್ಚರ್ ಹಾಕೋದು ಬೇಡ.”

“ಒಂದು ಪಿಚ್ಚರಿಗೆ ಇಷ್ಟೊಂದು ಭಾಷಣನಾ” ಎಂದ ಯೋಗಾನಂದ. “ನಿಂಗೆ ಅನ್ನ ತಿನ್ಸಿದ್ದೇ ಇದನ್ನ ತೋರ್ಸಿ.”

“ಅದಕ್ಕೇ ಹೇಳ್ತಿರೋದಪ್ಪ.”

“ಹಾಕು” ಎಂದ ಮೋಹನ.

ದಿವ್ಯ ತಿರುಗಿ ನೋಡಿದಳು. “ಚಿಕ್ಕಪ್ಪ, ನಾನು ನಿಮ್ಗೋಸ್ಕರಾನೇ...”

“ಗೊತ್ತು. ಹಾಕು. ಬಸ್ ಬರ್ಬೇಕು ಇನ್ನೂ.”

“ನಿಮ್ಗೆ ಬೇಜಾರಾಗಲ್ವಾ?”

“ಆಗುತ್ತೆ. ಈ ಸೀನ್ ಬಂದಾಗೆಲ್ಲ ಆಗುತ್ತೆ. ಮೊದಲ್ನೇ ಸಲಾನೂ ಆಗಿತ್ತು. ಸುತ್ತ ಎಲ್ರೂ ನಗ್ತಿದ್ರು, ನಾನು ಅಪ್ಪನ ಮುಖ ನೋಡ್ದೆ. ಅಪ್ಪಾನೂ ನಗ್ತಿದ್ರು.” ಮೋಹನ ತಡೆದು ತಡೆದು ಹೇಳುತ್ತಿದ್ದ. ಈ ಸಲ ಯಾರೂ ನಡುವೆ ಬಾಯಿ ಹಾಕಲಿಲ್ಲ. “ಆದ್ರೆ ಕೊನೇಲಿ ಬಸ್ ಓಡ್ಸೋನು ಅವನೇ ಕಣೇ. ಅವನು ಸ್ಟೇರಿಂಗ್ ಹಿಡಿದಾಗ ಥಿಯೇಟರಲ್ಲಿ ಒಬ್ರೂ ಉಸಿರು ಬಿಡ್ಲಿಲ್ಲ. ನಂಗೆ ಆ ಪಿಚ್ಚರ್ ಇಷ್ಟ. ಸಾಯೋತನ್ಕ ನೋಡ್ತೀನಿ. ನಿಲ್ಸು ಅಂತ ನಾನು ಹೇಳಿಲ್ಲ.”

“ಮತ್ತೆ ಏನು ಬೇಕು ನಿಂಗೆ?” ಮುನಿಲಕ್ಷ್ಮಮ್ಮ ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಆಯಾಸ ಹೆಚ್ಚಾಗಿತ್ತು.

“ಪಿಚ್ಚರ್ ಎರಡೂವರೆ ಗಂಟೇಲಿ ಮುಗಿಯುತ್ತಮ್ಮ. ನೀವು ಮುಗಿಸ್ಲಿಲ್ಲ. ಅಷ್ಟೇ ನಾನು ಹೇಳ್ತಿರೋದು.”

ನಂಜುಂಡಪ್ಪನವರು ಎದ್ದು ಹೊರಗಿನ ಜಗಲಿಗೆ ಹೋಗಿ ಕೂತರು. ದಿವ್ಯ ರಿಮೋಟ್ ಒತ್ತಿದಳು. ಉಳಿದವರು ಬಸ್ಸಿನ ದೃಶ್ಯದವರೆಗೂ ನೋಡಿದರು. ಲತಾ ನಡುವೆ ಎದ್ದು ಎಲ್ಲರಿಗೂ ಕಾಫಿ ಮಾಡಿದಳು. ಜಗಲಿಗೆ ಒಂದು ಲೋಟ ಕೊಟ್ಟು ಬಂದಳು.

ಸೋಮವಾರ ಮೋಹನ ಅರ್ಧ ದಿನ ರಜೆ ಹಾಕಿ ವಿಜಯನಗರದ ಪ್ರೆಸ್ಸಿಗೆ ಹೋದ. ಕಂಪ್ಯೂಟರಿನ ಮುಂದೆ ಕೂತಿದ್ದವಳು ಅಲಮೇಲು. ಪತ್ರಿಕೆ ಟೈಪ್ ಮಾಡಿದವಳು ಅವಳೇ.

“ಸಾರ್, ಪ್ರೂಫ್ ಓಕೆ ಅಂತ ನಿಮ್ಮನೆಯಿಂದಾನೇ ಮೆಸೇಜ್ ಬಂದಿದೆ. ನೋಡಿ.”

“ತಪ್ಪು ನಿಮ್ದಲ್ಲ. ಏನಾದ್ರೂ ಮಾಡೋಕಾಗುತ್ತಾ ಅಂತ ಕೇಳೋಕ್ ಬಂದೆ.”

“ಸ್ಟಿಕ್ಕರ್ ಹೊಡ್ಕೊಡ್ತೀನಿ ಬೇಕಾದ್ರೆ. ಆದ್ರೆ ಒಂದು ವಿಷ್ಯ ಸಾರ್. ಪತ್ರಿಕೆ ಅಚ್ಚಾದ್ಮೇಲೆ ಮನೇಲಿ ಯಾರಾದ್ರೂ ಹೋಗ್ಬಿಟ್ರೆ, ಅಂಥೋರು ಸ್ಟಿಕ್ಕರ್ ಹಾಕ್ಸೋದು. ಜನ ಬಿಡಲ್ಲ, ಒಳಗೆ ಯಾರ ಹೆಸರಿತ್ತು ಅಂತ ಉಗುರಲ್ಲಿ ಕೆರೆದು ನೋಡ್ತಾರೆ.” ಅವಳು ಬೇರೊಂದು ಪತ್ರಿಕೆಯ ಅಂಚಿಗೆ ಬಳ್ಳಿ ಕೂರಿಸುತ್ತ ಕೇಳಿದಳು. “ಸರಿಯಾದ ಹೆಸರು ಏನು ಸಾರ್?”

ಮೋಹನನ ತುಟಿಗಳು ಮುಚ್ಚಿಕೊಂಡವು. ತೆರೆಯಲಿಲ್ಲ. ಅಲಮೇಲು ಪರದೆ ನೋಡುತ್ತಿದ್ದಳು. ಬಳ್ಳಿ ಒಂದು ಕಡೆ ಕೂಡುತ್ತಿರಲಿಲ್ಲ, ಅದನ್ನು ಅಳಿಸಿ ಮತ್ತೆ ಕೂರಿಸಿದಳು. ಅವಳಿಗೆ ಅವಸರವಿರಲಿಲ್ಲ. ಪಕ್ಕದಲ್ಲಿ ಹೆಸರು ಹೇಳಿಬಿಡುವವರು ಯಾರೂ ಇರಲಿಲ್ಲ.

“ಮೋಹನ್ ಕುಮಾರ್.”

“ಕುಮಾರ್ ಬೇರೆ ಬರೀಬೇಕಾ, ಸೇರ್ಸಿ ಬರೀಬೇಕಾ?”

“ಬೇರೆ.” ಮೋಹನ ತಂದಿದ್ದ ಪತ್ರಿಕೆಯನ್ನು ಮಡಚಿ ಜೇಬಿಗೆ ಹಾಕಿದ. “ಸ್ಟಿಕ್ಕರ್ ಬೇಡ ಮೇಡಂ. ನಾನೇ ಬರ್ಕೋತೀನಿ.”

ದಾರಿಯಲ್ಲಿ ನಾಲ್ಕು ನೀಲಿ ಪೆನ್ನು ಕೊಂಡ. ಅಂದು ಸಂಜೆಯಿಂದ, ಕೆಲಸದಿಂದ ಬಂದು ಮುಖ ತೊಳೆದ ಕೂಡಲೇ ಹಜಾರದಲ್ಲಿ ಚಾಪೆ ಹಾಸಿ ಕೂರತೊಡಗಿದ. ಒಂದೊಂದು ಪತ್ರಿಕೆ ತೆರೆಯುವುದು, ಐದನೇ ಹೆಸರಿನ ಮೇಲೆ ಸ್ಕೇಲಿಟ್ಟು ಒಂದು ಗೆರೆ ಎಳೆಯುವುದು, ಮೇಲೆ ‘ಮೋಹನ್ ಕುಮಾರ್’ ಎಂದು ಬರೆಯುವುದು.

ಮೊದಲ ದಿನವೇ ಮುನಿಲಕ್ಷ್ಮಮ್ಮ ಎದುರಿಗೆ ಬಂದು ನಿಂತರು. “ಶುಭಪತ್ರಿಕೆ ಮೇಲೆ ಗೆರೆ ಎಳೀತಿದೀಯಲ್ಲೋ. ದೇವರ ಪಾದ ಮುಟ್ಟಿದ್ದು.”

“ದೇವರ ಪಾದ ಮುಟ್ಟಿದ್ದು ಒಂದೇ ಪತ್ರಿಕೆ ಅಮ್ಮ. ಅದು ಹಂಗೇ ಇರ್ಲಿ. ದೇವರಿಗೆ ನನ್ನ ಹೆಸರು ಗೊತ್ತು.”

ಅವರು ಒಳಗೆ ಹೋದರು. ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಾಗಿ ಕೇಳಿಸಿತು. ದಿವ್ಯ, “ನಾನೂ ಒಂದು ಕಟ್ಟು ಬರೀಲಾ ಚಿಕ್ಕಪ್ಪ?” ಎಂದು ಕೇಳಿದಳು. ಅವನು ಬೇಡ ಎಂದ.

ಎರಡನೆಯ ಸಂಜೆ ನಂಜುಂಡಪ್ಪನವರು ಅರಿಸಿನದ ಬಟ್ಟಲು ಹಿಡಿದು ಬಂದು ಚಾಪೆಯ ಇನ್ನೊಂದು ತುದಿಯಲ್ಲಿ ಕೂತರು. ಮಗ ಬರೆದಿಟ್ಟ ಪತ್ರಿಕೆಯನ್ನು ತೆಗೆದುಕೊಂಡು, ಶಾಯಿ ಆರಿದೆಯೇ ಎಂದು ನೋಡಿ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ಪಕ್ಕಕ್ಕಿಟ್ಟರು. ಹೀಗೆ ಶುಕ್ರವಾರದವರೆಗೆ ನಾಲ್ಕು ಸಂಜೆ ನಡೆಯಿತು. ಕೊನೆಯ ಕಟ್ಟು ಮುಗಿದ ದಿನ ಅವರು ಬೆರಳು ಒರೆಸಿಕೊಳ್ಳುತ್ತ, “ಬೋಂಡ ಕೇಳಿದ್ದು ಪ್ರೀತಿಗೆ ಕಣೋ” ಎಂದರು.

“ಗೊತ್ತಪ್ಪ.”

“ಆಮೇಲೆ ಯಾಕೆ ಬಿಡ್ಲಿಲ್ಲ ಅಂತ ನಂಗೂ ಗೊತ್ತಿಲ್ಲ.”

ಮೋಹನ ಪೆನ್ನಿಗೆ ಮುಚ್ಚಳ ಹಾಕಿದ. “ನಾಳೆಯಿಂದ ಕರೆಯೋಕೆ ನಾನೂ ಬರ್ತೀನಿ” ಎಂದ.

ನೆಂಟರ ಮನೆಗಳಿಗೆ ಹೋಗಿ ಕುಂಕುಮ ಕೊಟ್ಟು ಮದುವೆಗೆ ಕರೆಯುವ ಕೆಲಸಕ್ಕೆ ಮೋಹನ ಈವರೆಗೆ ಯಾವತ್ತೂ ಹೋದವನಲ್ಲ. ಹೋದರೂ ಕಾರಿನಲ್ಲೇ ಕೂತಿರುತ್ತಿದ್ದ. ಕರೆಯುವುದೆಂದರೆ ಮಾತಾಡುವುದು.

ಯೋಗಾನಂದ ಮುಖ ಕಿವಿಚಿದ. “ನೀನು ಬಂದ್ರೆ ಒಂದೊಂದು ಮನೇಲಿ ಅರ್ಧ ಗಂಟೆ ಆಗುತ್ತೆ.”

“ಆಗ್ಲಿ.”

“ಹೆಸರು ಬರ್ದಾಯ್ತಲ್ಲೋ. ಇನ್ನೇನು?”

“ಬರ್ದಿದ್ದನ್ನ ಯಾರು ಓದ್ತಾರೆ? ನೀವೇ ಓದ್ಲಿಲ್ಲ. ನಾನು ಹೇಳ್ತೀನಿ.”

ಶನಿವಾರ ಬೆಳಿಗ್ಗೆ ಅಣ್ಣ, ಅತ್ತಿಗೆ, ಅಪ್ಪ, ಮೋಹನ ನಾಲ್ವರೂ ಕಾರಿನಲ್ಲಿ ಹೊರಟರು. ಮೂಡಲಪಾಳ್ಯದ ಮೊದಲ ಮನೆಯಲ್ಲಿ, “ಬಾರೋ ಬಬ್ಬಣ್ಣ, ಅಪರೂಪ” ಎಂದರು. ಮೋಹನ ನಿಂತಲ್ಲೇ ನಿಂತು ಬಾಯಿ ತೆರೆದ. ಅಕ್ಷರ ಬರುವ ಮೊದಲೇ ಯೋಗಾನಂದ, “ಮೋಹನ್ ಕುಮಾರ್ ಅಂತ ಕರೀಬೇಕಂತೆ ಈಗ, ಸಾಹೇಬ್ರನ್ನ” ಎಂದ. ಎಲ್ಲರೂ ನಕ್ಕರು. ಎರಡನೆಯ ಮನೆಯಲ್ಲೂ ಹಾಗೇ ಆಯಿತು.

ಕಾರು ಹೊರಟ ಮೇಲೆ ಮೋಹನ ಹಿಂದಿನ ಸೀಟಿನಿಂದ, “ಅಣ್ಣ, ನಿಲ್ಸು” ಎಂದ.

“ಯಾಕೋ?”

“ನಿಲ್ಸು.” ಕಾರು ನಿಂತಿತು. “ಇನ್ನೊಂದು ಸಲ ನನ್ನ ಮಾತು ನೀನು ಮುಗಿಸಿದ್ರೆ ನಾನು ಇಳಿದು ಮೆಟ್ರೋ ಹಿಡೀತೀನಿ. ಎರಡೂ ಮನೆಗೆ ವಾಪಸ್ ಹೋಗಿ ಮೊದಲಿಂದ ಹೇಳಿ, ಆಮೇಲೆ ಉಳಿದ ಮನೆಗಳಿಗೆ ನಾನೊಬ್ನೇ ಹೋಗಿ ಬರ್ತೀನಿ. ಮದ್ವೆ ದಿನದವರೆಗೂ ಆದ್ರೂ ಸರಿ.”

“ನೀನು ಒದ್ದಾಡೋದು ನೋಡೋಕಾಗಲ್ಲ ಕಣೋ. ಅದಕ್ಕೇ ಹೇಳ್ಬಿಡ್ತೀನಿ.” ಯೋಗಾನಂದ ಸ್ಟೇರಿಂಗ್ ಕಡೆ ನೋಡುತ್ತ ಹೇಳಿದ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ನೋಡ್ಬೇಡ. ಗೋಡೆ ನೋಡು.”

ಲತಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಂಜುಂಡಪ್ಪನವರು, “ಗಾಡಿ ತೆಗಿ. ಕೆಂಗೇರಿಗೆ ಊಟದ ಹೊತ್ತಿಗೆ ಬರ್ತೀವಿ ಅಂದಿದೀನಿ” ಎಂದರು.

ಕೆಂಗೇರಿಯಲ್ಲಿ ಇರುವವರು ನಂಜುಂಡಪ್ಪನವರ ಅಕ್ಕ ಲಿಂಗಮ್ಮ. ಎಂಬತ್ತು ದಾಟಿದೆ, ಇನ್ನೂ ಅಡುಗೆ ಅವರದೇ. ಬಾಗಿಲಲ್ಲೇ ನಿಂತು ಕಾಯುತ್ತಿದ್ದರು. ಎಲ್ಲರನ್ನೂ ಒಳಗೆ ಕೂರಿಸಿ, ನೀರು ಕೊಟ್ಟು, ಕೊನೆಯಲ್ಲಿ ಬಂದವನನ್ನು ನೋಡಿ, “ಅರೆ, ಬಬ್ಬಣ್ಣಾನೂ ಬಂದವ್ನೆ” ಎಂದರು.

ಮೋಹನ ಪತ್ರಿಕೆಯನ್ನೂ ಅಕ್ಷತೆಯನ್ನೂ ಹಿಡಿದು ಅವರ ಮುಂದೆ ನಿಂತ. “ಅತ್ತೆ, ನನ್ನ ಹೆಸರು...” ತುಟಿ ಮುಚ್ಚಿಕೊಂಡಿತು. ಕುತ್ತಿಗೆಯ ನರ ಎದ್ದಿತು. ಯೋಗಾನಂದ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ ಏಪ್ರಿಲ್ ತಿಂಗಳನ್ನು ಓದತೊಡಗಿದ. ಲಿಂಗಮ್ಮ ಸಹಾಯಕ್ಕೆಂದು ಬಾಯಿ ತೆರೆದರು. ನಂಜುಂಡಪ್ಪನವರು ಕೂತಲ್ಲಿಂದಲೇ ಅಂಗೈ ಎತ್ತಿ ಅಕ್ಕನನ್ನು ತಡೆದರು. ಒಳಗೆ ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಯಿತು.

“ಮೋಹನ್ ಕುಮಾರ್” ಎಂದ ಮೋಹನ. “ನಮ್ಮ ದಿವ್ಯನ ಮದ್ವೆ. ಎಲ್ರೂ ಬರ್ಬೇಕು.”

ಲಿಂಗಮ್ಮ ಪತ್ರಿಕೆ ತೆಗೆದುಕೊಳ್ಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು.

“ನಂಗೇ ಹೇಳ್ತೀಯಲ್ಲೋ” ಎಂದರು ಕೊನೆಗೆ. “ಸೋದರತ್ತೆ ನಾನು. ತೊಟ್ಲಲ್ಲಿ ಹಾಕಿ ನಿನ್ನ ಕಿವೀಲಿ ಮೂರು ಸಲ ಆ ಹೆಸರು ಹೇಳ್ದೋಳು ನಾನೇ. ನಮ್ಮಪ್ಪನ ಹೆಸರಿಡೋಣ ಅಂತ ನಿಮ್ಮಪ್ಪ ಅಂದ, ಬೇಡ, ಇದೇ ಚೆನ್ನಾಗಿದೆ ಅಂತ ಜಗಳ ಆಡಿ ಇಟ್ಟಿದ್ದೆ.” ಅವರು ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ಇಟ್ಟೋಳೇ ಮರ್ತಿದೀನಿ, ನೋಡು.”

ಊಟಕ್ಕೆ ಎಲೆ ಹಾಕಿದರು. ಕೋಸಂಬರಿ, ಹುರುಳಿಕಾಯಿ ಪಲ್ಯ, ಅನ್ನ ಸಾರು. ಯೋಗಾನಂದ ಮಾತು ತೆಗೆದು ಛತ್ರದ ಪಾರ್ಕಿಂಗ್ ವಿಷಯ ಹೇಳುತ್ತಿದ್ದ. ಲತಾ ಮುಂದಿನ ಮನೆಗಳ ಪಟ್ಟಿ ನೋಡಿ, ಉಲ್ಲಾಳಕ್ಕೆ ಮೊದಲು ಹೋಗುವುದು ಒಳ್ಳೆಯದು ಎಂದಳು. ಲಿಂಗಮ್ಮ ಪಾಯಸದ ಪಾತ್ರೆ ಹಿಡಿದು ಸಾಲಿನಲ್ಲಿ ಬಡಿಸುತ್ತ ಬಂದರು.

“ಇನ್ನೊಂಚೂರು ಹಾಕ್ಲೇನೋ ಬಬ್ಬ...”

ಮೋಹನ ತಲೆ ಎತ್ತಲಿಲ್ಲ. ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದ.

ಲಿಂಗಮ್ಮ ಬಾಗಿದವರು ಬಾಗಿದಂತೆಯೇ ನಿಂತರು. ಸೊಂಟ ನೋಯುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು. ಸೌಟಿನಿಂದ ಒಂದು ಹನಿ ಮೋಹನನ ಕೈಯ ಮೇಲೆ ಬಿತ್ತು. ಅವನು ಕೈ ತೆಗೆಯಲಿಲ್ಲ.

“ಮೋಹನ” ಎಂದರು ಅವರು. “ಹಾಕ್ಲಾ?”

“ಹಾಕಿ ಅತ್ತೆ” ಎಂದು ಅವನು ಕೈ ತೆಗೆದ.